ಎಳೆ ಎನ್ನುವ ಬಾಯಿ

ನಮ್ಮೂರಲ್ಲಿ ಯಾರನ್ನಾದರೂ ನಿಮ್ಮ ಮನೆ ಎಲ್ಲಿ ಎಂದು ಕೇಳಿ ನೋಡಿ, "ಮೆಟ್ಟಿಲ ಕಟ್ಟೆಯಿಂದ ಮೇಲಕ್ಕೆ, ಗುರುವಾರದ ತನಕ" ಎನ್ನುತ್ತಾರೆ. ಗುರುವಾರ ಕಳೆದ ಮೇಲೆ ಅದೇ ಮನೆ ಕೆಳಕ್ಕೆ ಹೋಗಿರುತ್ತದೆ. ನಮ್ಮ ಹೊಳೆ ಎಂಟು ದಿನ ಪಡುವಣಕ್ಕೆ ಹರಿಯುತ್ತದೆ, ಒಂದು ಹಗಲು ನಿಲ್ಲುತ್ತದೆ, ಆಮೇಲೆ ಎಂಟು ದಿನ ಮೂಡಣಕ್ಕೆ ಹರಿಯುತ್ತದೆ. ಯಾಕೆ ಎಂದು ಕೇಳುವವರು ಪರಸ್ಥಳದವರು. ನಾವು ಕೇಳುವುದು ತಿರುಗಿತೋ ಇಲ್ಲವೋ ಎಂದಷ್ಟೇ.

ಇಂಥ ಹೊಳೆಯ ದಡದಲ್ಲಿ ಬದುಕುವವರಿಗೆ ಸಭ್ಯತೆಯನ್ನು ಪುಸ್ತಕ ಓದಿ ಕಲಿಯುವ ಅಗತ್ಯವಿಲ್ಲ. ಕೆಳಗಿನವರು ಕುಡಿಯಲಿ ಎಂದು ಬಣ್ಣದ ನೀರು ಬಿಟ್ಟವನ ಬಿಂದಿಗೆಗೇ ಆ ಬಣ್ಣ ಹತ್ತು ದಿನದೊಳಗೆ ಬಂದು ಕೂರುತ್ತದೆ. ಒಗೆಯುವ ಕಲ್ಲು, ಕುಡಿಯುವ ನೀರಿನ ಕಲ್ಲು ಎಂಟು ದಿನಕ್ಕೊಮ್ಮೆ ಅದಲುಬದಲಾಗುತ್ತವೆ. ದೋಣಿಗೆ ಹಿಂದು ಮುಂದು ಇಲ್ಲ, ಎರಡು ತುದಿಯೂ ಚೂಪು. ಹುಟ್ಟು ಹಾಕುವುದನ್ನು ನಾವು ಕಲಿತೇ ಇಲ್ಲ. ಕಾದರೆ ನೀರೇ ಒಯ್ಯುವಾಗ ತೋಳು ನೋಯಿಸಿಕೊಳ್ಳುವುದು ದುಡುಕಿನವರ ಲಕ್ಷಣ ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ನೀರು ನಿಂತ ದಿನವಂತೂ ನಮಗೆ ದಿನವೇ ಅಲ್ಲ. ಅದಕ್ಕೆ ತಾರೀಕಿಲ್ಲ, ವಾರವಿಲ್ಲ. ಕಚೇರಿಗೆ ಬೀಗ ಹಾಕಿ ಊರಿಗೆ ಊರೇ ಕಂಬಳಿ ಒಗೆಯುತ್ತದೆ. ಆ ದಿನ ಹುಟ್ಟಿದವರ ವಯಸ್ಸು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ನಮ್ಮ ಅಧ್ಯಕ್ಷೆ ಚಿಕ್ಕತಾಯಮ್ಮ ಅಂಥವರಲ್ಲೊಬ್ಬರು. ಆ ಅನುಕೂಲವನ್ನು ಅವರು ಧಾರಾಳವಾಗಿ ಬಳಸಿಕೊಂಡಿದ್ದಾರೆ.

ಹೊಳೆಯ ಮೂಡಣಕ್ಕೆ ಉಪ್ಪಿನೂರು, ಪಡುವಣಕ್ಕೆ ಮರ ಕೊಯ್ಯುವ ಹಲಗೆಯೂರು, ನಡುವೆ ಬೆಲ್ಲ ಕಾಯಿಸುವ ನಾವು, ಬೆಲ್ಲದೂರಿನವರು. ಮೂರೂ ಕಡೆ ಆಳುವವರನ್ನು ಕೈಯೆತ್ತಿ ಆರಿಸುತ್ತೇವೆ, ಮರುದಿನದಿಂದ ಬೈಯುತ್ತೇವೆ. ಇದೊಂದು ಬಿಟ್ಟರೆ ನಮ್ಮಲ್ಲಿ ಹೋಲಿಕೆ ಕಡಿಮೆ. ಮೂರೂರಿಗೂ ಹೊಳೆಗೆ ಅಡ್ಡಲಾಗಿ ಒಂದೊಂದು ಕಬ್ಬಿಣದ ಸರಪಳಿ ಇದೆ. ನೀರಡಿ ಮಲಗಿರುವ ಅದನ್ನು ಎಳೆದು ಬಿಗಿದರೆ ಯಾವ ದೋಣಿಯೂ ದಾಟಲಾರದು. ಹಿಂದೊಮ್ಮೆ ಹಲಗೆಯೂರಿನವರು ಬೆಲ್ಲದ ಧಾರಣೆಗೆ ಮುನಿದು ತಮ್ಮ ಸರಪಳಿ ಎಳೆದರು. ಮಾನ ಬಿಡಲಾದೀತೇ, ನಾವು ನಮ್ಮದನ್ನು ಎಳೆದೆವು. ಉಪ್ಪಿನೂರಿನವರು ಕಾರಣವೇ ತಿಳಿಯದೆ ತಮ್ಮದನ್ನೂ ಎಳೆದರು. ಎರಡು ತಿಂಗಳು ನಾವು ಉಪ್ಪಿಲ್ಲದ ಸಾರು ಉಂಡೆವು, ಉಪ್ಪಿನೂರಿನವರು ತೂತು ದೋಣಿಯಲ್ಲಿ ಕೂತರು, ಹಲಗೆಯೂರಿನವರ ಪಾಯಸ ಸಪ್ಪಗಾಯಿತು. ಆಮೇಲೆ ಮೂರೂರಿಗೂ ಒಟ್ಟಿಗೇ ಬುದ್ಧಿ ಬಂತು, ಒಪ್ಪಂದವಾಯಿತು.

ಆ ಒಪ್ಪಂದ ಬರೆದವನು ನಾನು. ಸಭೆಯ ಬರವಣಿಗೆ ನನ್ನದು. ಊರವರು ಬರಹದಯ್ಯ ಎನ್ನುತ್ತಾರೆ, ಸಿಟ್ಟು ಬಂದಾಗ ಬರಿಹೊಟ್ಟೆಯಯ್ಯ ಎನ್ನುತ್ತಾರೆ. ತನ್ನ ಸರಪಳಿಯನ್ನು ತಾನೇ ಎಳೆಯುವ ಹಕ್ಕು ಯಾವ ಊರಿಗೂ ಇಲ್ಲ. ಅಪಾಯ ಬಂದಾಗ ಎಳೆ ಎನ್ನುವ ಬಾಯಿ ಮೇಲೂರಿನದು, ಎಳೆಯುವ ಕೈ ಕೆಳಗಿನೂರಿನದು. ಮೇಲೂರು ಎಂದರೆ ಅಂದು ನೀರು ಕಳಿಸುವ ಊರು. ಬಾಯಿಲ್ಲದೆ ಕೈ ಎಳೆದರೆ ಒಪ್ಪಂದ ಅಲ್ಲಿಗೆ ಮುರಿಯಿತು. ಇದನ್ನು ಬರೆದು ಮುಗಿಸಿದ ದಿನ ನಾನು ಎರಡು ಒಬ್ಬಟ್ಟು ಹೆಚ್ಚು ತಿಂದೆ. ಬಾಯೊಂದು ಕಡೆ, ಕೈಯೊಂದು ಕಡೆ ಇದ್ದರೆ ಯಾರೂ ಮುನಿಸಿಗೆ ಸರಪಳಿ ಎಳೆಯಲಾರರು ಎಂಬುದು ನನ್ನ ಲೆಕ್ಕ. ಒಬ್ಬರ ಊರಲ್ಲಿ ಇನ್ನೊಬ್ಬರ ಪ್ರತಿನಿಧಿ ಇರಬೇಕೆಂದೂ, ಅವರನ್ನು ಬೀಗರೆಂದೇ ಕರೆದು ಬೀಗರಂತೆಯೇ ನಡೆಸಿಕೊಳ್ಳಬೇಕೆಂದೂ ಗೊತ್ತುಮಾಡಿದೆವು. ಹೀಗೆ ನಮ್ಮೂರಿಗೆ ಹಲಗೆಯೂರಿನಿಂದ ನೀಲಗಂಗವ್ವ, ಉಪ್ಪಿನೂರಿನಿಂದ ಐತಪ್ಪ ಬಂದು ನೆಲೆಸಿದರು, ಬಂದ ದಿನದಿಂದ ಬೀಗರಿಗೆ ಒಪ್ಪುವ ಹಾಗೆ ಊಟದಲ್ಲಿ ಕೊರತೆ ಹುಡುಕಿದರು.

ಪಡುವಣದ ಕಣಿವೆಯಾಚೆ ದೊಡ್ಡೂರಿದೆ. ಅಲ್ಲಿ ಬಾಯಿಯೂ ಕೈಯೂ ಒಬ್ಬನದೇ, ಹಾಗಾಗಿ ಕೆಲಸ ಬೇಗ ಆಗುತ್ತದೆ. ಅವರ ದೋಣಿಗಳು ಉದ್ದ, ಹುಟ್ಟು ಹಾಕುವ ಆಳುಗಳು ಸಾಲುಸಾಲು. ನೀರು ಮೂಡಣಕ್ಕೆ ಹರಿಯುವಾಗ ಕಣಿವೆಯ ಬಂಡೆಗಳ ನಡುವೆ ಹುಚ್ಚು ಕುದುರೆಯಂತೆ ನುಗ್ಗುವುದರಿಂದ ಅವರು ಬರಲಾರರು. ಪಡುವಣಕ್ಕೆ ಹರಿಯುವಾಗ ಎದುರು ನೀರಿನಲ್ಲಿ ಏದುಸಿರು ಬಿಟ್ಟು ಬರುವಷ್ಟರಲ್ಲಿ ನಾವು ಎಳೆ ಎಂದಿರುತ್ತೇವೆ, ಹಲಗೆಯೂರು ಎಳೆದಿರುತ್ತದೆ. ಅವರ ವ್ಯಾಪಾರಿಯೊಬ್ಬ ಬೇಸಿಗೆಯಲ್ಲಿ ಮೂರೂರಿಗೂ ನಡೆದೇ ಬಂದಿದ್ದ. ಒಬ್ಬೊಬ್ಬರನ್ನೇ ಬದಿಗೆ ಕರೆದು, ಉಳಿದಿಬ್ಬರನ್ನು ಬಿಟ್ಟು ನಮಗೇ ಮಾರಿ, ಒಳ್ಳೆಯ ಧಾರಣೆ ಕೊಡುತ್ತೇವೆ ಎಂದ. ಮೂರೂ ಕಡೆ ಆಗುವುದಿಲ್ಲ ಎನಿಸಿಕೊಂಡ. ಹೋಗುವಾಗ ನಮ್ಮ ಕಚೇರಿಯ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದ. ನಮ್ಮಲ್ಲಿ ಗುಟ್ಟೆಂಬುದಿಲ್ಲ, ಒಪ್ಪಂದವನ್ನು ದಪ್ಪಕ್ಷರದಲ್ಲಿ ಅಂಟಿಸಿದ್ದೆವು. ನನ್ನ ಅಕ್ಷರದ ಅಂದ ನೋಡುತ್ತಿದ್ದಾನೆಂದು ನಾನು ಕುರ್ಚಿ ಕೊಡಿಸಿದೆ.

ಮಾಘದ ಕೊನೆಯ ನಿಂತ ದಿನ. ಬಿಸಿಲು ಏರುವ ಹೊತ್ತು. ನಾನು ಮೊಣಕಾಲುದ್ದ ನೀರಲ್ಲಿ ನಿಂತು ಕಂಬಳಿ ತುಳಿಯುತ್ತಿದ್ದೆ. ಪಡುವಣದ ದಡದುದ್ದಕ್ಕೂ ನಿಲ್ಲಿಸಿದ ಕೊಂಬಿನವರು ಒಬ್ಬರಿಂದೊಬ್ಬರು ಎತ್ತಿಕೊಂಡು ಊದತೊಡಗಿದರು. ಕೊಂಬಿನ ಭಾಷೆಯಲ್ಲಿ ವ್ಯಾಕರಣ ಕಡಿಮೆ: ಒಂದು ಉದ್ದ ಊದು ಎಂದರೆ ದೋಣಿ, ಆಮೇಲಿನ ಗಿಡ್ಡ ಊದುಗಳು ಎಷ್ಟೆಂಬುದು. ಹದಿನೆಂಟರ ತನಕ ಎಣಿಸಿದೆ. ನೀಲಗಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದಳು.

"ಬೀಗರ, ಕಂಬಳಿ ಬಿಡ್ರಿ. ದೊಡ್ಡೂರವರು ಕಣಿವಿ ಒಳಗ ಅದಾರ. ಹದಿನೆಂಟು ದೋಣಿ, ಹುಟ್ಟು ಹಾಕ್ಕೊಂತ ಬರಾಕತ್ತಾರ."

"ಸರಪಳಿ ಎಳೀರಿ ಅಂತ ಊದಿಸೋಣ," ಎಂದೆ.

"ಯಾರು ಊದಸ್ಬೇಕ್ರಿ? ಇವತ್ತ ಮೇಲೂರು ಯಾವುದ್ರಿ?"

ನಾನು ಹೊಳೆಯನ್ನು ನೋಡಿದೆ. ನನ್ನ ಕಂಬಳಿಯ ನೊರೆ ಬಿಟ್ಟಲ್ಲೇ ನಿಂತಿತ್ತು, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಎಂಟು ದಿನದ ಬಾಯಿ ಬರೆದಿದ್ದೆ, ಇನ್ನೆಂಟು ದಿನದ ಬಾಯಿ ಬರೆದಿದ್ದೆ. ನಡುವೆ ತಾರೀಕಿಲ್ಲದ ಒಂದು ದಿನ ಇರುತ್ತದೆಂಬುದು, ಅದೇ ದಿನ ಕಂಬಳಿ ಒಗೆಯುವ ನನಗೆ, ಹೊಳೆದಿರಲಿಲ್ಲ. ಗೋಡೆಯ ಮುಂದೆ ಕುರ್ಚಿಯಲ್ಲಿ ಕೂತು ಓದಿದವನಿಗೆ ಹೊಳೆದಿತ್ತು.

ಸಭೆ ಸೇರಿತು. ಅರ್ಧ ಜನ ಒದ್ದೆ ಬಟ್ಟೆಯಲ್ಲೇ ಬಂದಿದ್ದರು. ತಾರೀಕಿಲ್ಲದ ದಿನ ಸೇರಿದ ಸಭೆ ಸಿಂಧುವೇ ಎಂದು ಒಬ್ಬ ಎದ್ದು ಕೇಳಿದ.

"ನಾನು ಹುಟ್ಟಿದ್ದೇ ಇಂಥ ದಿನ ಕಣಯ್ಯ," ಎಂದರು ಚಿಕ್ಕತಾಯಮ್ಮ. "ನಾನು ಸಿಂಧು ಅಲ್ವಾ? ಕೂತ್ಕೊ."

ಹಿಂದಿನ ಸಾಲಿನಿಂದ ಯಾರೋ, "ಎಳ್ಕೊಳ್ಳಿ ಅನ್ನಿ, ಆಮೇಲೆ ನೋಡ್ಕೊಂಡ್ರಾಯ್ತು," ಎಂದರು. ಅದಕ್ಕೆ ಉಪ್ಪಿನೂರಿನ ಐತಪ್ಪ ಎದ್ದು ನಿಂತ. ತೆಳ್ಳಗಿನ ಮನುಷ್ಯ, ಸಮುದ್ರವೇ ಹೊತ್ತಿಕೊಂಡರೂ ದನಿ ಏರಿಸದವನು.

"ಅದು ಆಗುದಿಲ್ಲ ಮಾರಾಯ್ರೆ. ಇವತ್ತು ಅವರು ಬಾಯಿ ಇಲ್ಲದೆ ಎಳೆದರೆ ನಾಳೆ ನಮ್ಮೂರಲ್ಲಿ ಕೇಳ್ತಾರೆ, ಅವರಿಗೆ ಆಗುವುದು ನಮಗ್ಯಾಕೆ ಆಗುದಿಲ್ಲ ಅಂತ. ಮಳೆ ಬರುವ ಮೊದಲು ಮೂರು ಸರಪಳಿಯೂ ಮೇಲೆ ಇರ್ತದೆ. ದೊಡ್ಡೂರಿನವನಿಗೆ ಬೇಕಾದ್ದು ಅದೇ ಅಲ್ವಾ? ಎಳೆದರೆ ಒಪ್ಪಂದ ಹೋಯ್ತು. ಎಳೆಯದಿದ್ದರೆ ಹಲಗೆಯೂರು ಹೋಯ್ತು. ಅವನಿಗೆ ಎರಡೂ ಲಾಭವೇ."

"ಹೋತು ಅಂದ್ರ ಹೆಂಗ ಹೋಗ್ತೈತಿ ಅಂತ ನಾ ಹೇಳತೇನಿ ಕೇಳ್ರಿ," ಎಂದಳು ನೀಲಗಂಗವ್ವ. "ನಮ್ಮ ಕಟ್ಟಿಗೆ ದೋಣಿ ಕಟ್ಟತಾರ. ಕಾವಲಿಗೆ ಬಂದೇವಿ ಅಂತಾರ. ಅವರು ಕಟ್ಟಿದ ದೋಣಿ ಬಿಚ್ಚಿಸಿದವರು ಯಾರರ ಅದಾರೇನ್ರಿ? ನಾಳೆಯಿಂದ ನಮ್ಮ ಹಲಗಿ ಅವರು ಹೇಳಿದಲ್ಲಿಗೆ ಹೋಗ್ಬೇಕು, ನಾವು ಅವರು ಅಂದಾಗ ಕೈ ಎತ್ಬೇಕು. ನಮ್ಮ ಮಂದಿ ಈಗ ಸರಪಳಿ ಕೈಯಾಗ ಹಿಡಕೊಂಡು ನಿಂತಾರ, ನಿಮ್ಮ ಬಾಯಿ ನೋಡಕೊಂತ. ನೀವಿಲ್ಲಿ ಸಿಂಧು ಅಸಿಂಧು ಆಡಾಕತ್ತೀರಿ."

ಒಪ್ಪಂದ ತಿದ್ದೋಣ ಎಂದರೆ ಮೂರೂರಿನ ಸಭೆಯೂ ಕೈಯೆತ್ತಬೇಕು, ಅದಕ್ಕೆ ಒಂದು ತಿಂಗಳು. ದೋಣಿಗಳಿಗೆ ಹೆಚ್ಚೆಂದರೆ ಎರಡು ಗಳಿಗೆ. ಕೊಂಬು ಮತ್ತೆ ಊದಿತು: ಕಣಿವೆ ದಾಟಿದರು. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು, ಎಲ್ಲ ಮಾತಿನ ಕೊನೆಯೂ ನನ್ನ ಹತ್ತಿರ ಬಂದು ನಿಲ್ಲುತ್ತಿತ್ತು. ಅವರಲ್ಲೆಲ್ಲ ಜೋರು ದನಿ ನೀರುಗಂಟಿ ಬೋರಲಿಂಗನದು. ಊರ ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಹೇಳುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಕೆರೆಯ ಬಗ್ಗೆ ಅವನು ಮಾತಾಡುವ ಧಾಟಿ ಕೇಳಿದರೆ ಹೆಂಡತಿ ಬೇರೆ ಇದ್ದಾಳೆಂಬುದು ಮರೆತುಹೋಗುತ್ತದೆ.

"ಎಲ್ಲಾ ಈ ಬರಿಹೊಟ್ಟೆಯಯ್ಯನ ಕಿತಾಪತಿ," ಎಂದ ಬೋರಲಿಂಗ. "ಮೇಲೂರು ಅಂದ್ರೆ ನೀರು ಕಳ್ಸೋ ಊರಂತೆ. ಹೊಳೆ ನೀರೇನು ಇವ್ರಪ್ಪ ಕಳಿಸ್ತಿದ್ನಾ? ಅದು ಅದರ ಪಾಡಿಗೆ ಬತ್ತದೆ, ಅದರ ಪಾಡಿಗೆ ಹೋಯ್ತದೆ. ಈ ಊರಲ್ಲಿ ನೀರು ಅಂತ ಕಳ್ಸಿರೋನು ಇದ್ರೆ ನಾನೊಬ್ಬನೇ. ತೂಬು ಎತ್ತುದ್ರೆ ಉಂಟು, ಇಳಿಸುದ್ರೆ ಇಲ್ಲ."

ಯಾರದೋ ಒದ್ದೆ ಪಂಚೆಯಿಂದ ನೆಲಕ್ಕೆ ಹನಿ ಬೀಳುವುದು ಕೇಳಿಸಿತು. ಎಲ್ಲರೂ ಬೋರಲಿಂಗನ ಕಡೆ ತಿರುಗಿದರು. ಅವನು ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ, ಗೋಡೆಯಿತ್ತು.

"ಬೋರಲಿಂಗಣ್ಣ," ಎಂದರು ಚಿಕ್ಕತಾಯಮ್ಮ, ಮಲಗಿದ ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ. "ಇನ್ನೊಂದ್ಸಲ ಹೇಳಪ್ಪ."

"ನಾನೇನೂ ಹೇಳ್ಲಿಲ್ಲ," ಎಂದು ಅವನು ಕೂತುಬಿಟ್ಟ.

ಹೇಳಿದ್ದ. ಕೆರೆ ಊರ ಹಿಂದೆ ಎತ್ತರದಲ್ಲಿದೆ. ತೂಬು ಎತ್ತಿ ಗದ್ದೆಯ ಕಡೆಯ ಕವಲು ಕಟ್ಟಿದರೆ ನೀರು ನೇರ ಹೊಳೆಗೆ. ನಿಂತ ಹೊಳೆಗೆ ನೀರು ಬಿಟ್ಟರೆ ಅದು ಹರಿಯಲೇಬೇಕು. ಹರಿದರೆ ಕಳಿಸಿದವರು ನಾವು. ಕಳಿಸಿದವರು ಮೇಲೂರು. ಮೇಲೂರಿಗೆ ಬಾಯಿ. ನೀರು ಹಲಗೆಯೂರು ಮುಟ್ಟಲು ಅರ್ಧ ದಿನ ಬೇಕಲ್ಲ ಎಂದು ಯಾರೋ ಆಕ್ಷೇಪ ತೆಗೆದರು.

"ಕಳಿಸುವ ಊರು ಅಂತ ಬರೆದದ್ದು," ಎಂದ ಐತಪ್ಪ. "ಮುಟ್ಟಿಸುವ ಊರು ಅಂತ ಎಲ್ಲುಂಟು? ಉಪ್ಪಿನೂರಿನ ಪರವಾಗಿ ನಾನು ಒಪ್ಪುತ್ತೇನೆ. ಬರ್ಕೊಳ್ಳಿ."

"ಕಬ್ಬಿಗೆ ಇನ್ನೆರಡು ನೀರು ಬಾಕಿ ಅವೆ," ಎಂದ ಬೋರಲಿಂಗ ಕೂತಲ್ಲಿಂದಲೇ. ಈಗ ಅವನ ದನಿ ಬೇರೆಯಾಗಿತ್ತು. "ಕೆರೇಲಿರೋದು ಅಷ್ಟೇಯ. ಬಿಟ್ರೆ ಕಬ್ಬು ಒಣಗಿ ಸೌದೆ ಆಯ್ತದೆ. ಊರೋರೆಲ್ಲ ನನ್ನ ಕೇಳ್ತಾರೆ, ಇವ್ರನ್ನ ಕೇಳಲ್ಲ."

ಅದು ಸುಳ್ಳಲ್ಲ. ಹಾಗಾಗಿ ಪ್ರಜೆಗಳು ಆಳುವ ಎಲ್ಲ ಕಡೆ ಆಗುವುದೇ ಆಯಿತು, ಅರ್ಧಕ್ಕೆ ಒಪ್ಪಿಗೆ ಸಿಕ್ಕಿತು. ಕೆರೆಗೆ ಎರಡು ತೂಬು; ಮೂಡಣದ ತೂಬೊಂದನ್ನು ಎತ್ತುವುದೆಂದೂ ಪಡುವಣದ್ದನ್ನು ಮುಟ್ಟಕೂಡದೆಂದೂ ಠರಾವಾಯಿತು. ಪರ ನಲವತ್ತೊಂದು, ವಿರೋಧ ಮೂವತ್ತೆಂಟು. ಬೋರಲಿಂಗ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದ. ಆದರೆ ಠರಾವಾದ ಮೇಲೆ ಮೊದಲು ಎದ್ದು ಓಡಿದವನು ಅವನೇ. ಅವನ ತೂಬನ್ನು ಬೇರೆ ಯಾರಾದರೂ ಮುಟ್ಟುವುದನ್ನು ಅವನು ನೋಡಲಾರ.

ಊರು ಸರಪಳಿ ಕಂಬದ ಹತ್ತಿರ ಸೇರಿತು. ನೀಲಗಂಗವ್ವ ಹೊಂಗೆಯ ಎಲೆಯೊಂದನ್ನು ಕಿತ್ತು ನಿಂತ ನೀರಿನ ಮೇಲಿಟ್ಟಳು. ಕಾಲುವೆಯಲ್ಲಿ ಮೊದಲು ಒಣ ಕಸ ಬಂತು, ಆಮೇಲೆ ನೊರೆ, ಆಮೇಲೆ ಕೆಂಪು ನೀರು ಗದ್ದಲ ಮಾಡುತ್ತ ಬಂದು ಹೊಳೆಗೆ ಬಿತ್ತು. ಎಲೆ ತೊನೆಯಿತು. ಒಂದು ಸುತ್ತು ತಿರುಗಿತು. ಹೊರಟಿತು. ಮೂಡಣಕ್ಕೆ.

ಕಾಲುವೆ ಬಾಯಿ ಮೂಡಣದ ಕಡೆಗೆ ಓರೆಯಾಗಿದೆಯೆಂಬುದು ಎಲ್ಲರಿಗೂ ಆಗ ನೆನಪಾಯಿತು. ನಾವು ಉಪ್ಪಿನೂರಿಗೆ ಮೇಲೂರಾಗಿದ್ದೆವು. ಅಲ್ಲಿ ಶತ್ರುಗಳೇ ಇರಲಿಲ್ಲ.

"ಎಳೆ ಅಂತ ಹೇಳುದಾದರೆ ನಾವು ಎಳೀತೇವೆ, ಅಡ್ಡಿಲ್ಲ," ಎಂದ ಐತಪ್ಪ.

ಕೊಂಬು ಊದಿತು: ಕಟ್ಟೆ ಕಾಣುವಷ್ಟು ಹತ್ತಿರ. ನೀಲಗಂಗವ್ವ ಹೋಗುತ್ತಿದ್ದ ಎಲೆಯನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಅವಳು ಬೈಯದೆ ಇದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ, ಕಾಣಬೇಕೆಂಬ ಆಸೆಯೂ ಇರಲಿಲ್ಲ. ಕೆರೆಯ ಏರಿಯ ಮೇಲೆ ನಿಂತಿದ್ದ ಬೋರಲಿಂಗನಿಗೆ ಎಲೆ ಕಾಣುವಂತಿರಲಿಲ್ಲ, ಅವಳು ಕಾಣುತ್ತಿದ್ದಳು. ಅಲ್ಲಿಂದಲೇ ಕೂಗಿ ಕೇಳಿದ.

"ಯಾಕವ್ವ, ಯಾವ ಕಡೀಕೆ ಹೋಯ್ತು?"

ಅವಳು ಕೈಯೆತ್ತಿ ಮೂಡಣ ತೋರಿಸಿದಳು.

ಬೋರಲಿಂಗ ಕೆರೆಯನ್ನೊಮ್ಮೆ ನೋಡಿದ. ಆಮೇಲೆ ಏರಿಯುದ್ದಕ್ಕೂ ಪಡುವಣದ ತೂಬಿನ ಕಡೆಗೆ ಓಡತೊಡಗಿದ. ಅರುವತ್ತು ದಾಟಿದವನ ಓಟ ಅದಲ್ಲ. "ಠರಾವಿಲ್ಲ ಕಣಯ್ಯ, ಅದಕ್ಕೆ ಠರಾವಿಲ್ಲ," ಎಂದು ಕೆಳಗಿನಿಂದ ಒಬ್ಬ ಕೂಗಿದ. "ಮಾಡ್ಕೊಳ್ಳಿ," ಎಂದು ಮೇಲಿನಿಂದ ಉತ್ತರ ಬಂತು. ನಾನು ಚಿಕ್ಕತಾಯಮ್ಮನ ಕಡೆ ನೋಡಿದೆ. ಅವರು ಜನರ ಕಡೆ ನೋಡಿದರು. ಯಾರೂ ಕೇಳಿರಲಿಲ್ಲ, ಆದರೂ ದಡದುದ್ದಕ್ಕೂ ಕೈಗಳು ಮೇಲೆದ್ದವು. ಮೊದಲು ಹೆಂಗಸರದು, ಆಮೇಲೆ ಅವರ ಗಂಡಂದಿರದು, ಸಭೆಯಲ್ಲಿ ಸಿಂಧುವೇ ಎಂದು ಕೇಳಿದವನದು, ಕೊನೆಗೆ ಕಬ್ಬಿನ ಮೂವತ್ತೆಂಟು ಮಂದಿಯದು, ಒಬ್ಬೊಬ್ಬರದಾಗಿ, ಭಾರ ಎತ್ತುವವರ ಹಾಗೆ. ಎಣಿಸುವುದು ನನ್ನ ಕೆಲಸ. ನಾನು ಎಣಿಸಲಿಲ್ಲ, ನನ್ನ ಕೈಯೂ ಮೇಲಿತ್ತು.

ತೂಬಿನ ಗೂಟ ಮೇಲೆದ್ದ ಸದ್ದು ಕೆಳಗಿನ ತನಕ ಕೇಳಿಸಿತು. ಆ ಕಾಲುವೆಗೆ ನೀರು ಬಂದದ್ದು ಹರಿದುಕೊಂಡಲ್ಲ, ಬಿದ್ದುಕೊಂಡು. ಎರಡು ಕೆಂಪು ಧಾರೆ ಹೊಳೆಯಲ್ಲಿ ಮುಖಾಮುಖಿಯಾದವು, ಒಂದನ್ನೊಂದು ನೂಕಿದವು. ನೀಲಗಂಗವ್ವ ಇನ್ನೊಂದು ಎಲೆ ಹಾಕಿದಳು. ಇಡೀ ಊರು ಒಂದು ಹೊಂಗೆ ಎಲೆಗೆ ದಾರಿ ಹೇಳುತ್ತಿತ್ತು. ಅದು ಸುಮ್ಮನೆ ನಿಂತಿತು. ಹೆದರಿದ ಕರುವಿನ ಹಾಗೆ ಒಂದು ಗೇಣು ಹಿಂದಕ್ಕೆ ಹೋಯಿತು. ಆಮೇಲೆ ಮನಸ್ಸು ಮಾಡಿದಂತೆ ತುದಿ ತಿರುಗಿಸಿ ಪಡುವಣಕ್ಕೆ ಹೊರಟಿತು. ಐತಪ್ಪ ಅದರ ಪಕ್ಕಕ್ಕೇ ದಡದ ಮೇಲೆ ಹತ್ತು ಹೆಜ್ಜೆ ನಡೆದು ತಿರುಗಿ ಬಂದ.

"ಹೋಗ್ತಾ ಉಂಟು," ಎಂದ. "ನೀವು ಮೇಲೂರು."

ಅಧ್ಯಕ್ಷರು ಆಡಬೇಕಾದ ಮಾತನ್ನು ನಾನೇ ಒಪ್ಪಂದದಲ್ಲಿ ಬರೆದಿಟ್ಟಿದ್ದೆ: ಒಂಬತ್ತು ಸಾಲು, ಮೂರು "ಆದಕಾರಣ", ಒಂದು "ತತ್ಸಂಬಂಧವಾಗಿ". ಕಾಗದ ಮುಂದೆ ಹಿಡಿದೆ. ಚಿಕ್ಕತಾಯಮ್ಮ ಅದನ್ನು ಪಕ್ಕಕ್ಕೆ ಸರಿಸಿ ಕೊಂಬಿನವನಿಗೆ ಹೇಳಿದರು, "ಎಳೆ ಅನ್ನು."

ಮೂರು ಉದ್ದ ಊದು. ಪಡುವಣದ ತಿರುವಿನಲ್ಲಿ ಅದನ್ನು ಇನ್ನೊಬ್ಬ ಎತ್ತಿಕೊಂಡ, ಆಚೆ ಮತ್ತೊಬ್ಬ, ಆಮೇಲೆ ಬರೀ ಗಾಳಿ. ತಿರುಗಿ ಬರುವ ಉತ್ತರ ಎರಡು ಊದಾದರೆ ಸರಪಳಿ ಬಿಗಿಯಿತು. ಒಂದಾದರೆ ದೊಡ್ಡೂರವರು ದೋಣಿ ಕಟ್ಟೆಗೆ ಕಟ್ಟಿದರು. ಬೋರಲಿಂಗ ಏರಿಯಿಂದ ಇಳಿದು ಬಂದು ನೀಲಗಂಗವ್ವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತ. ಅವಳ ತುಟಿ ಆಡುತ್ತಿತ್ತು. ತನ್ನೂರ ಕಟ್ಟೆಯಿಂದ ಸರಪಳಿ ಕಂಬಕ್ಕಿರುವ ಹೆಜ್ಜೆಗಳನ್ನು ಎಣಿಸುತ್ತಿದ್ದಳೆಂದು ಆಮೇಲೆ ಹೇಳಿದಳು.

ಕೊಂಬು ಕೇಳಿಸಿತು. ಒಂದು.

ಅದು ಮುಗಿಯಿತು. ಮುಗಿದ ಮೇಲಿನ ಆ 'ಆಮೇಲೆ' ಎಷ್ಟು ಉದ್ದವಿತ್ತೆಂದು ನಾನು ಬರೆಯಲಾರೆ. ಊದುವವನು ಉಸಿರು ತೆಗೆದುಕೊಳ್ಳುತ್ತಿದ್ದನಂತೆ, ಪಾಪ, ಓಡಿ ಬಂದಿದ್ದನಂತೆ.

ಎರಡು.

ಏನಾಯಿತೆಂಬುದನ್ನು ನೋಡಿದವರಿಂದಲೇ ಮರುದಿನ ಕೇಳಿದೆವು. ಮುಂದಿನ ದೋಣಿಯ ಮೂತಿಯಿಂದ ಮೂರು ಮಾರು ದೂರದಲ್ಲಿ ಸರಪಳಿ ನೀರಿನಿಂದ ಮೇಲೆದ್ದಿತು. ದೋಣಿಯ ಯಜಮಾನ ಬಿಚ್ಚಿ ಎಂದು ಕೂಗಿದ. ಬಿಚ್ಚು ಎನ್ನುವ ಬಾಯಿ ನಮ್ಮದಲ್ಲ, ಬೆಲ್ಲದೂರಿಗೆ ಹೋಗಿ ಕೇಳಿ ಎಂದರು ಹಲಗೆಯೂರಿನವರು. ಬೆಲ್ಲದೂರಿಗೆ ಹೋಗುವ ದಾರಿ ಸರಪಳಿಯಾಚೆ ಇತ್ತು. ಸಂಜೆ ನೀರು ಮೂಡಣಕ್ಕೆ ತಿರುಗಿದರೆ ಕಣಿವೆಯ ಬಂಡೆಗಳು ಅವರನ್ನು ಮನೆಗೆ ಬಿಡುವುದಿಲ್ಲ. ಹದಿನೆಂಟು ದೋಣಿಯೂ ಬೆನ್ನು ತಿರುಗಿಸಿ, ಬಂದದ್ದಕ್ಕಿಂತ ಜೋರಾಗಿ ಹುಟ್ಟು ಹಾಕಿಕೊಂಡು ಹೋದವು.

ಮರುದಿನ ಬೆಳಿಗ್ಗೆ ಎಂದಿನಂತೆ ತಾರೀಕಿತ್ತು. ನಾನು ಏರಿಯ ಮೇಲೆ ಹೋದಾಗ ಬೋರಲಿಂಗ ಕೆರೆಯೊಳಗಿನ ಕೆಸರಲ್ಲಿ ನಿಂತು ಒದ್ದಾಡುವ ಮೀನುಗಳನ್ನು ಉಳಿದ ಒಂದೇ ಗುಂಡಿಗೆ ಎತ್ತಿ ಹಾಕುತ್ತಿದ್ದ. ಕೆಳಗೆ ಕಬ್ಬು ಹಸಿರಾಗಿಯೇ ಇತ್ತು. ಅದಕ್ಕಿನ್ನೂ ವಿಷಯ ತಿಳಿದಿರಲಿಲ್ಲ. "ಹತ್ತು ದಿನ ತಡೀತದೆ," ಎಂದ, ನಾನು ಕೇಳದೆಯೇ. ಒಪ್ಪಂದದಲ್ಲಿ ಇದಕ್ಕೇನಾದರೂ ಇದೆಯೇ ಎಂದು ರಾತ್ರಿ ಎರಡು ಸಲ ಓದಿದ್ದೆ. ಒಂದೂರಿಗಾಗಿ ಇನ್ನೊಂದೂರು ಕೆರೆ ಬರಿದು ಮಾಡಿಕೊಂಡರೆ ಏನೆಂದು ನಾನು ಬರೆದಿರಲಿಲ್ಲ. ಹೀಗೂ ಆದೀತೆಂದು ಯಾರು ತಾನೇ ಬರೆಯುತ್ತಾರೆ?

ಆಗ ಬೋರಲಿಂಗ ಕೈಯಲ್ಲಿದ್ದ ಮೀನನ್ನು ಬಿಡುವುದನ್ನೂ ಮರೆತು ಹೊಳೆಯ ಕಡೆ ನೋಡಿದ. ನೀರು ಮೂಡಣಕ್ಕೆ ಹರಿಯುತ್ತಿತ್ತು, ನೀರಿನ ತುಂಬ ಜನ. ದೋಣಿಯಲ್ಲಿ, ತೆಪ್ಪದಲ್ಲಿ, ಒಟ್ಟಿಗೆ ಕಟ್ಟಿದ ಮರದ ದಿಮ್ಮಿಗಳ ಮೇಲೆ, ಹಲಗೆಯೂರಿನಲ್ಲಿ ನಿಲ್ಲಬಲ್ಲವರೆಲ್ಲ ನಿಂತುಕೊಂಡು ಬರುತ್ತಿದ್ದರು. ಹೊಳೆಯಿಂದ ಕಬ್ಬಿನ ಗದ್ದೆಗೆ ನೀರೆತ್ತಲು ಹೊಸದಾಗಿ ಕೊಯ್ದ ಏತದ ಮರಗಳು ಅವರ ಜೊತೆಗಿದ್ದವು, ಬಾನಿಗಳಿದ್ದವು, ಹಗ್ಗವಿತ್ತು. ಇಡೀ ಊರು ಎಚ್ಚರವಿದ್ದು ಕೊಯ್ದಿತ್ತಂತೆ. ಮೆಟ್ಟಿಲ ಕಟ್ಟೆಯಲ್ಲಿ ನಿಂತ ನೀಲಗಂಗವ್ವ, ತಡವಾಯಿತೆಂದು ತನ್ನ ಊರವರನ್ನು ಒಬ್ಬೊಬ್ಬರ ಹೆಸರು ಹಿಡಿದು ಬೈಯುತ್ತಿದ್ದಳು. ಐತಪ್ಪ ಪಂಚೆ ಎತ್ತಿ ಕಟ್ಟಿ ಮೊದಲ ಏತದ ಮರಕ್ಕೆ ಆಗಲೇ ಹೆಗಲು ಕೊಟ್ಟಿದ್ದ.

ಚಿಕ್ಕತಾಯಮ್ಮ ಏರಿಯ ಮೇಲೆ ಬಂದು ನನ್ನ ಪಕ್ಕ ನಿಂತರು.

"ಬರ್ಕೊ," ಎಂದರು.

"ಯಾವ ಕಲಮಿನ ಪ್ರಕಾರ ಅಂತ ಬರೆಯಲಮ್ಮ? ಏನಂತ ಬರೆಯಲಿ?"

"ಬಂದರು ಅಂತ."

ಅಷ್ಟೇ ಬರೆದೆ. ಈಗಲೂ ಆ ಪುಟದಲ್ಲಿ ಆ ತಾರೀಕಿನ ಕೆಳಗೆ ಅದೊಂದೇ ಪದವಿದೆ. ಹೊಸದಾಗಿ ಓದುವವರು ನಾವು ಅಂದು ಊರಲ್ಲೊಂದು ಬಂದರು ಕಟ್ಟಿಸಿದೆವೆಂದು ತಿಳಿದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.